ಹದಿನೇಳನೇ ಜಾಡು

ಏಪ್ರಿಲ್ ಇಪ್ಪತ್ತಾರು. ಬೆಳಗಿನ ಆರು ಗಂಟೆ.
ಕುಮುಷ್-ಬೆಲ್ ಘಾಟಿಯ ಕೆಳಗೆ ಗುಂಡಿ ತೋಡುತ್ತೇನೆ,
ಎದೆಮಟ್ಟ ಇಳಿದ ಮೇಲೆ ಕೈಗವಸು ಕಳಚಿ
ಹಿಮದ ಗೋಡೆಗೆ ಬೆರಳಿಟ್ಟು ಓದುತ್ತೇನೆ, ಮೇಲಿಂದ ಕೆಳಗೆ.

ಇದು ಮೊನ್ನೆಯದು. ಹಿಂಡಿದರೆ ಮುಷ್ಟಿಯಲ್ಲಿ ನೀರು.
ಇದು ಮಾರ್ಚಿಯ ಧೂಳು, ಕೆಂಪಗೆ ಒಂದು ಗೆರೆ,
ಯಾವುದೋ ಮರಳುಗಾಡು ಇಲ್ಲಿತನಕ ಬಂದು ಮಲಗಿದ್ದು.
ಇದು ಫೆಬ್ರುವರಿಯ ಗಾಳಿ ತಟ್ಟಿ ತಟ್ಟಿ ಮಾಡಿದ ಹಲಗೆ,
ಚಾಕು ಕೂಡ ಯೋಚಿಸಿ ಒಳಗೆ ಹೋಗುತ್ತದೆ.
ಅದರಡಿ ಗಾಜಿನ ಮಂಜುಗಡ್ಡೆ, ಬೆರಳು ದಪ್ಪ.
ತೀರ ಕೆಳಗೆ, ನೆಲಕ್ಕೆ ತಾಗಿ,
ನವೆಂಬರ್.

ನವೆಂಬರ್ ಇನ್ನೂ ಮಾಗಿಲ್ಲ.
ಹಿಡಿ ತುಂಬ ತೆಗೆದರೆ ಕಲ್ಲುಸಕ್ಕರೆಯ ಪುಡಿ,
ಒಂದು ಕಾಳಿಗೂ ಮತ್ತೊಂದಕ್ಕೂ ಮಾತಿಲ್ಲ.
ಇಡೀ ಚಳಿಗಾಲ ಇದರ ಹೆಗಲ ಮೇಲೆ ಕೂತಿದೆ.

"ಬುರುಲ್ ಅಕ್ಕಾ, ಮುಗೀತಾ ಗೋರಿ ತೋಡೋದು?"
ರಸ್ತೆಯಲ್ಲಿ ನಿಂತು ಕೂಗುತ್ತಾನೆ ಎಸೆಂಗುಲ್.
ಆರುನೂರ ನಲವತ್ತು ಕುರಿ, ಎರಡು ಕುದುರೆ,
ಮಡಚಿದ ಗುಡಾರ ಹೊತ್ತ ಮುದಿ ಲಾರಿ,
ಅದರ ಹಿಂದೆ ಹೊಲಿಗೆ ಯಂತ್ರ ಅಪ್ಪಿಕೊಂಡು ಅವನ ಸೊಸೆ.
ಘಾಟಿಯಾಚೆ ಹುಲ್ಲು ತಲೆಯೆತ್ತಿದೆಯಂತೆ.
ಈಚೆ ಮೇವು ಇವತ್ತಿಗಿದೆ, ನಾಳೆಗಿದೆ. ನಾಡಿದ್ದಿಗಿಲ್ಲ.

"ರಾತ್ರಿ ಮೋಡ ಕವಿದು ಬೆಚ್ಚಗಿತ್ತು,
ಮರಿಗಳು ಚೆನ್ನಾಗಿ ಮಲಗಿದವು. ಬಿಡು ನಮ್ಮನ್ನು."
ಅದಕ್ಕೇ ಬಿಡುವುದಿಲ್ಲ, ಎಂದೆ.

ಹೇಗೆ ಹೇಳಲಿ,
ಬೆಟ್ಟ ರಾತ್ರಿಯೆಲ್ಲ ಬೆತ್ತಲೆ ಆಕಾಶ ನೋಡಬೇಕು,
ಹಗಲು ಕುಡಿದ ಬಿಸಿಲಿನ ಸಾಲವನ್ನು ಚುಕ್ಕಿಗಳಿಗೆ ತೀರಿಸಬೇಕು,
ಆಗಷ್ಟೇ ಅದು ಮೈ ಬಿಗಿದುಕೊಳ್ಳುವುದು.
ಮೋಡದ ಕಂಬಳಿಯಡಿ ಕರಗಿದ ನೀರಿಗೆ ನಿದ್ದೆ ಬರುವುದಿಲ್ಲ,
ಇಳಿಯುತ್ತದೆ, ಗಾಜಿನ ಮೇಲೆ ಹರಡುತ್ತದೆ,
ಬಿರುಕು ಸಿಕ್ಕಲ್ಲಿ ನುಸುಳಿ
ನವೆಂಬರಿನ ಕಿವಿಯಲ್ಲಿ ಏನೋ ಹೇಳುತ್ತದೆ.

ಇದೆಲ್ಲ ಹೇಳಲಿಲ್ಲ. ಗೇಟಿನ ಸರಪಳಿಗೆ ಬೀಗ ಜಡಿದೆ.
ನನ್ನ ಏಳು ತಲೆಮಾರನ್ನು ಹೆಸರು ಹಿಡಿದು ಬೈದ.
ದೂರದ ನೆಂಟ, ಹೆಸರುಗಳೆಲ್ಲ ಅವನಿಗೆ ಬಾಯಿಪಾಠ.

ಎರಡನೇ ರಾತ್ರಿಯೂ ಮೋಡ.
ಬಾಗಿಲು ತೆರೆದು ಮೂರು ಸಲ ನೋಡಿದೆ.
ಕುರಿಗಳು ಬೇಲಿಯ ಹಗ್ಗ ತಿನ್ನತೊಡಗಿದವು.
ಸೊಸೆ ಬಂದು ಚಹಾಕ್ಕೆ ಉಪ್ಪು ಇಸಿದುಕೊಂಡು ಹೋದಳು,
ನನ್ನ ಮುಖ ನೋಡಲಿಲ್ಲ.

ಮೂರನೇ ರಾತ್ರಿ, ಒಂದೂವರೆಗೆ,
ಮೂಗಿನ ಕೂದಲು ಸೆಟೆದು ಎಚ್ಚರವಾಯಿತು.
ಹೊರಗೆ ಬಂದರೆ ಚುಕ್ಕಿ. ಒಂದೆರಡಲ್ಲ,
ಹಿಟ್ಟಿನ ಚೀಲ ಒಡೆದ ಹಾಗೆ.
ಇಳಿಜಾರಿಗೆ ಹೋಗಿ ಕಾಲಿಟ್ಟೆ. ತಡೆಯಿತು.
ಕುಣಿದೆ, ಐವತ್ತೆಂಟರ ಹೆಂಗಸು, ಬೂಟು ಸಮೇತ. ತಡೆಯಿತು.
ಓಡಿ ಲಾರಿಯ ಬಾಗಿಲು ಬಡಿದೆ:
ಏಳು, ಬಿಸಿಲು ಬೀಳುವ ಮೊದಲು ಆಚೆ ಇರಬೇಕು.

ಹೆಪ್ಪುಗಟ್ಟಿದ ದಾರಿಯ ಮೇಲೆ ಎರಡು ಸಾವಿರದ ಐನೂರ ಅರವತ್ತು ಕಾಲು,
ತಗಡಿನ ಮೇಲೆ ಬಟಾಣಿ ಸುರಿದ ಸದ್ದು.
ಸದ್ದಿಗೇ ಬೆಟ್ಟ ಜಾರುತ್ತದೆ ಎಂಬುದು ಕೆಳಗಿನೂರಿನವರ ಕತೆ.
ಅರಚಲಿ, ಬೇಕಾದಷ್ಟು.
ಕೊನೆಯದು, ಕುಂಟುಕಾಲಿನದು, ತಿರುವಿನಲ್ಲಿ ಮರೆಯಾದಾಗ
ಮೂಡಣದಲ್ಲಿ ಬೂದಿಬಣ್ಣ.

ಮಧ್ಯಾಹ್ನ ಎರಡು ಹತ್ತಕ್ಕೆ ಬಿತ್ತು.
ಗುಡುಗಲಿಲ್ಲ. ಕಲಸಿದ ಸಿಮೆಂಟಿನ ನಿಧಾನದಲ್ಲಿ ಬಂತು,
ಬಂಡೆ, ಬೇರು, ಹೋದ ವರ್ಷದ ಹುಲ್ಲು ಎಲ್ಲ ಬಾಚಿಕೊಂಡು.
ರಸ್ತೆಯ ಮೇಲೆ ನಾಲ್ಕು ಆಳೆತ್ತರ.
ಎಲ್ಲಕ್ಕಿಂತ ಕೆಳಗಿದ್ದ ನವೆಂಬರ್ ಅಲ್ಲಲ್ಲಿ ಮೇಲೆ ಬಂದು
ಬಿಸಿಲಿಗೆ ಹೊಳೆಯುತ್ತಿತ್ತು.

ದಾಖಲೆ ಪುಸ್ತಕದಲ್ಲಿ ಬರೆದೆ:
ಜಾಡು ಹದಿನೇಳು. ಒದ್ದೆ. ದೊಡ್ಡದು.
ಸಿಲುಕಿದವರು ಎಂಬಲ್ಲಿ ಒಂದು ಅಡ್ಡಗೆರೆ.
ಮೂವತ್ತೊಂದು ವರ್ಷದಲ್ಲಿ ಆ ಜಾಗದಲ್ಲಿ
ಒಂಬತ್ತು ಸಲ ಹೆಸರು ಬರೆದಿದ್ದೇನೆ,
ಒಂದು ಸಲ ನಮ್ಮ ಮನೆಯದೇ.
ಅಡ್ಡಗೆರೆಯನ್ನು ಸ್ಕೇಲ್ ಇಟ್ಟು ಎಳೆಯುತ್ತೇನೆ.

ಸಂಜೆ ಆಚೆ ಬದಿಯಿಂದ ಫೋನು, ಗಾಳಿ ತುಂಬಿದ ದನಿ:
"ನೋಡಿದೆಯಾ ಅಕ್ಕಾ, ಏನೂ ಆಗಲಿಲ್ಲ.
ಸುಮ್ಮನೆ ಎರಡು ದಿನದ ಮೇವು ದಂಡ ಮಾಡಿಸಿದೆ."

ಹುಲ್ಲು ಹೇಗಿದೆ, ಎಂದು ಕೇಳಿದೆ.